ರೊಟ್ಟಿಯೂ ಬೇಕು, ಕೇಳುವ ಬಾಯಿಯೂ ಬೇಕು

(ಕೂಡ್ಲಿಗಿ ತಾಲ್ಲೂಕಿನ ಹೊಸಹಳ್ಳಿಯಲ್ಲಿ ಕನ್ನಡ ಯುವಕರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಸಭೆಗೆ ಮುಂಚೆ ಹೆದ್ದಾರಿ ಪಕ್ಕದ ಚಹಾದಂಗಡಿಯಲ್ಲಿ ಕೂತಿದ್ದೆ. ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಗುತ್ತಿಗೆ ಕೆಲಸ ಮಾಡುವ, ಹಬ್ಬಕ್ಕೆಂದು ಊರಿಗೆ ಬಂದಿದ್ದ ಹುಡುಗನೊಬ್ಬ ಮಾತಿಗೆ ಸಿಕ್ಕ. ದಿನಕ್ಕೆ ಹನ್ನೆರಡು ತಾಸು ದುಡಿಮೆ. ಸಂಬಳ ಯಾವಾಗ ಬರುತ್ತದೋ ಗೊತ್ತಿಲ್ಲ. ಮೇಲಿನವನ ಭಾಷೆ ಇವನಿಗೆ ಬಾರದು, ಇವನ ಭಾಷೆ ಮೇಲಿನವನಿಗೆ ಬೇಡ. ಎಲ್ಲ ಹೇಳಿಕೊಂಡು ಕೊನೆಗೆ ಅಂದ: "ಸಾರ್, ಈ ದೇಶಕ್ಕೆ ಒಬ್ಬ ಮಿಲ್ಟ್ರಿಯವ ಬೇಕ್ರೀ. ಹತ್ತು ವರ್ಷ ಕೋಲು ಹಿಡಿದು ನಿಂತ್ರೆ ಎಲ್ಲ ನೆಟ್ಟಗಾಗತೈತಿ."

ಅಂಗಡಿಯಲ್ಲಿದ್ದವರೆಲ್ಲ ತಲೆಯಾಡಿಸಿದರು. ನೀವು ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ದಾವಣಗೆರೆಯಲ್ಲೋ ಇದನ್ನು ಓದುತ್ತಿದ್ದರೆ, ಇದೇ ಮಾತನ್ನು ನಿಮ್ಮ ಹಾಸ್ಟೆಲಿನಲ್ಲಿ, ಬಸ್ಸಿನಲ್ಲಿ, ಮೊಬೈಲಿನಲ್ಲಿ ಕೇಳಿಯೇ ಇರುತ್ತೀರಿ. ನೀವೇ ಆಡಿದ್ದರೂ ಆಶ್ಚರ್ಯವಿಲ್ಲ. ಆ ಹುಡುಗನ ಸಿಟ್ಟು ಸುಳ್ಳಲ್ಲ. ಆದರೆ ಅವನು ಬೇಡುತ್ತಿರುವ ಕೋಲು ಯಾರ ಬೆನ್ನಿಗೆ ಬೀಳುತ್ತದೆ? ಅವನಿಗೆ ಸಂಬಳ ಕೊಡದವನ ಬೆನ್ನಿಗೋ, ಸಂಬಳ ಕೊಡಿ ಎಂದು ಕೇಳಿದ ಅವನದೇ ಬೆನ್ನಿಗೋ? ಇಂದಿನ ನನ್ನ ಮಾತೆಲ್ಲ ಈ ಒಂದು ಪ್ರಶ್ನೆಯ ಸುತ್ತ.

ಸಮಾಜವಾದ, ಬಂಡವಾಳಶಾಹಿ, ಸರ್ವಾಧಿಕಾರ ಇವು ಪುಸ್ತಕದ ಮಾತುಗಳು, ಹೊಸಹಳ್ಳಿಗೂ ಇವಕ್ಕೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಸ್ವಾಮಿ, ಈ ಮೂರೂ ಈ ಸೀಮೆಗೆ ಬಂದು ಹೋಗಿವೆ. ಒಂದು ಇದೇ ಹೆದ್ದಾರಿಯಲ್ಲಿ ಲಾರಿ ಏರಿಕೊಂಡು ಬಂದಿತ್ತು. ಅದರಿಂದಲೇ ಶುರು ಮಾಡೋಣ.

2000ದ ನಂತರದ ಹತ್ತು ವರ್ಷ ಹೊಸಪೇಟೆ–ಚಿತ್ರದುರ್ಗದ ಈ ರಸ್ತೆಯನ್ನು ನೋಡಿದವರಿಗೆ ನೆನಪಿದೆ. ಹಗಲು ರಾತ್ರಿ ಅದಿರಿನ ಲಾರಿಗಳು. ಮರದ ಎಲೆ ಕೆಂಪು, ಮನೆಯ ಹೆಂಚು ಕೆಂಪು, ಉಗುಳಿದರೆ ಉಗುಳೂ ಕೆಂಪು. ಸಂಡೂರು ಹೊಸಪೇಟೆಯ ಗುಡ್ಡಗಳು ಕರಗಿ ಬಂದರಿನ ದಾರಿ ಹಿಡಿದವು. 2009ರವರೆಗೆ ಸರ್ಕಾರಕ್ಕೆ ಬರುತ್ತಿದ್ದ ರಾಜಧನ ಟನ್ನಿಗೆ ಮೂವತ್ತು ರೂಪಾಯಿಯನ್ನೂ ಮುಟ್ಟುತ್ತಿರಲಿಲ್ಲ. ಅದೇ ಟನ್ನು ಹೊರದೇಶಕ್ಕೆ ಸಾವಿರಾರು ರೂಪಾಯಿಗೆ ಹೋಗುತ್ತಿತ್ತು. ನೆಲ ಯಾರದು? ನಾಡಿನದು. ಅಗೆದವರು ಯಾರು? ಕೂಲಿಗಳು. ದೂಳು ಕುಡಿದವರು? ನಾವು. ಲಾಭ? ಅದನ್ನು ಮಾತ್ರ ಕೇಳಬಾರದು! 2011ರ ಜುಲೈ 27ರಂದು ಲೋಕಾಯುಕ್ತ ಸಂತೋಷ ಹೆಗ್ಡೆಯವರು ಕೊಟ್ಟ ವರದಿ ನಾಡಿನ ಬೊಕ್ಕಸಕ್ಕೆ ಆದ ನಷ್ಟವನ್ನು ಹದಿನಾರು ಸಾವಿರ ಕೋಟಿ ರೂಪಾಯಿಯ ಆಸುಪಾಸಿನಲ್ಲಿ ಲೆಕ್ಕ ಹಾಕಿತು. ಬಳ್ಳಾರಿಯಲ್ಲಿ ಇನ್ನೊಂದು ಗಣರಾಜ್ಯವೇ ನಡೆಯುತ್ತಿತ್ತು ಎಂಬ ಮಾತು ಆಗ ಜನರ ಬಾಯಲ್ಲಿತ್ತು.

ಕನ್ನಡದ ಹೋರಾಟಗಾರರು ಮರೆಯಬಾರದ ಸಂಗತಿ ಇನ್ನೊಂದಿದೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು. ಅದೇ ದಿನ ಮದ್ರಾಸಿನಲ್ಲಿದ್ದ ಬಳ್ಳಾರಿ, ಕೂಡ್ಲಿಗಿಯೂ ಸೇರಿದಂತೆ, ಮೈಸೂರಿಗೆ ಬಂತು. ಆದೋನಿ, ಆಲೂರು, ರಾಯದುರ್ಗ ಆಚೆ ಉಳಿದವು. ಆ ಸಂಭ್ರಮದ ಚಪ್ಪರ ಕಾಯುತ್ತಿದ್ದ ಪಿಂಜಾರ ರಂಜಾನ್ ಸಾಬರು ದುಷ್ಕರ್ಮಿಗಳ ದಾಳಿಗೆ ಪ್ರಾಣ ತೆತ್ತರು. ಹತ್ತಿ ಹಿಂಜುವ ಕುಲದ ಒಬ್ಬ ಬಡವ ಈ ಗಡಿಗಾಗಿ ಸತ್ತ. ಐವತ್ತು ವರ್ಷ ಕಳೆದ ಮೇಲೆ ಏನಾಯಿತು? ಆಂಧ್ರ–ಕರ್ನಾಟಕದ ನಡುವೆ ಗಡಿಯ ಗುರುತಾಗಿದ್ದ ಸುಗಲಮ್ಮನ ಗುಡಿಯನ್ನು 2006ರಲ್ಲಿ ಗಣಿಗಾಗಿ ಸ್ಫೋಟಿಸಿ ಉರುಳಿಸಲಾಯಿತು. ಗಡಿ ಗುರುತುಗಳೇ ಅಳಿಸಿಹೋದವು. ಬೆಳಗಾವಿಯ ಗಡಿಗೆ ನಾವು ಬೀದಿಗಿಳಿಯುತ್ತೇವೆ, ಇಳಿಯಲೇಬೇಕು. ಆದರೆ ಇಲ್ಲಿ ಗಡಿ ಒತ್ತಿದ್ದು ಬೇರೆ ಭಾಷೆಯಲ್ಲ, ಹಣ. ಹಣಕ್ಕೆ ತಾಯ್ನುಡಿಯಿಲ್ಲ. ಬಾಯಲ್ಲಿ ಭುವನೇಶ್ವರಿ, ಕೈಯಲ್ಲಿ ಜೆಸಿಬಿ!

ಈಗ ಇನ್ನೊಂದು ಪ್ರಶ್ನೆ. ಆ ಅದಿರು ಹೋಗಿದ್ದೆಲ್ಲಿಗೆ? ಬಹುಪಾಲು ಚೀನಾಕ್ಕೆ. ಅಲ್ಲಿ ಕೆಂಬಾವುಟದ ಪಕ್ಷವೇ ಸರ್ಕಾರ. ಆದರೆ ಕಾರ್ಮಿಕರು ತಮ್ಮಿಷ್ಟದ ಸಂಘ ಕಟ್ಟುವಂತಿಲ್ಲ, ಸರ್ಕಾರ ಒಪ್ಪಿದ ಒಂದೇ ಒಕ್ಕೂಟ. ಮುಷ್ಕರದ ಹಕ್ಕು ಅವರ ಸಂವಿಧಾನದಲ್ಲಿತ್ತು, 1982ರಲ್ಲಿ ಅದನ್ನೂ ತೆಗೆದರು. ಅಂದರೆ ಈ ತುದಿಯಲ್ಲಿ ಚುನಾವಣೆ ಗೆದ್ದ ಬಂಡವಾಳ, ಆ ತುದಿಯಲ್ಲಿ ಚುನಾವಣೆಯೇ ಬೇಡವೆಂಬ ಕೆಂಬಾವುಟ. ನಡುವೆ ವ್ಯಾಪಾರ ಸಲೀಸು. ಎರಡೂ ಕಡೆ ಕೂಲಿಯವನು ಬಾಯಿ ಮುಚ್ಚಿಕೊಂಡಿರಬೇಕು. ಹೆಸರು ಕೇಳಿ ಮೋಸ ಹೋಗಬೇಡಿ ಎಂದು ನಾನು ಹೇಳುವುದು ಇದಕ್ಕೇ. ಯಾವ ಅಂಗಡಿಗೆ ಯಾವ ಬೋರ್ಡು ಹಾಕಿದ್ದಾರೆ ಎಂಬುದಲ್ಲ, ಒಳಗೆ ತಕ್ಕಡಿ ಯಾರ ಕೈಯಲ್ಲಿದೆ ಎಂಬುದು ಮುಖ್ಯ.

"ಹಾಗಾದರೆ ಬಡವರಿಗೆ ಒಳ್ಳೆಯದು ಮಾಡುವ ಸರ್ವಾಧಿಕಾರಿ ಬಂದರೆ?" ಎಂದು ಕೇಳುತ್ತೀರಿ. ಇದು ಸುಲಭದ ಪ್ರಶ್ನೆಯಲ್ಲ. ಎಡಪಂಥೀಯರಾದ ನಾವು ಇದನ್ನು ಪ್ರಾಮಾಣಿಕವಾಗಿ ಎದುರಿಸಬೇಕು. ಯಾಕೆಂದರೆ ನಮ್ಮ ನಾಡಿನಲ್ಲೇ ಅದರ ಪರೀಕ್ಷೆ ನಡೆದಿದೆ.

1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಬಂತು. ವಿರೋಧ ಪಕ್ಷದ ನಾಯಕರು ಜೈಲಿಗೆ ಹೋದರು, ಪತ್ರಿಕೆಗಳಿಗೆ ಸೆನ್ಸಾರ್ ಬಂತು. ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಸಮಾಜವಾದಿ ಮಧು ದಂಡವತೆಯೂ ಇದ್ದರು, ಜನಸಂಘದ ವಾಜಪೇಯಿ, ಅಡ್ವಾಣಿಯೂ ಇದ್ದರು. 'ಸಂಸ್ಕಾರ' ಚಿತ್ರದ ನಟಿ ಸ್ನೇಹಲತಾ ರೆಡ್ಡಿ ಆಸ್ತಮಾದಿಂದ ನರಳುತ್ತಾ ಅದೇ ಜೈಲಿನಲ್ಲಿದ್ದರು. ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ತೀರಿಕೊಂಡರು. ಹಿಡಿದು ಹಾಕಿದವರು ಯಾಕೆ ಹಿಡಿದಿರಿ ಎಂದು ಕೇಳಲು ನ್ಯಾಯಾಲಯಕ್ಕೂ ಹೋಗುವಂತಿಲ್ಲ ಎಂದು ಸುಪ್ರೀಂ ಕೋರ್ಟೇ 1976ರ ಏಪ್ರಿಲ್‌ನಲ್ಲಿ ಹೇಳಿಬಿಟ್ಟಿತು.

ಇದೇ ಕಾಲದಲ್ಲಿ ಕರ್ನಾಟಕದಲ್ಲಿ ಇನ್ನೊಂದು ಕೆಲಸವೂ ನಡೆದಿತ್ತು. ದೇವರಾಜ ಅರಸರ ಭೂಸುಧಾರಣೆ. ಉಳುವವನೇ ಹೊಲದೊಡೆಯ. ಲಕ್ಷಗಟ್ಟಲೆ ಗೇಣಿದಾರರು ಏಳನೇ ನಂಬರಿನ ಅರ್ಜಿ ಹಾಕಿ ಭೂನ್ಯಾಯ ಮಂಡಳಿಯ ಮುಂದೆ ನಿಂತರು. ಅಲ್ಲಿ ಧಣಿಗಳ ಪರ ವಕೀಲರು ವಾದಿಸುವಂತಿರಲಿಲ್ಲ. ತಲೆತಲಾಂತರದಿಂದ ಉಳುತ್ತಿದ್ದವನ ಹೆಸರು ಮೊದಲ ಸಲ ಪಹಣಿಯಲ್ಲಿ ಬಂತು. 1977ರ ಲೋಕಸಭಾ ಚುನಾವಣೆಯಲ್ಲಿ ಉತ್ತರ ಭಾರತ ಇಂದಿರಾ ಗಾಂಧಿಯವರನ್ನು ಮನೆಗೆ ಕಳಿಸಿದರೆ, ಕರ್ನಾಟಕ 28ರಲ್ಲಿ 26 ಸ್ಥಾನ ಕಾಂಗ್ರೆಸ್ಸಿಗೇ ಕೊಟ್ಟಿತು. ನಮ್ಮ ಜನ ದಡ್ಡರಲ್ಲ. ಜೈಲಿನಲ್ಲಿದ್ದ ನಾಯಕನಿಗಿಂತ ಕೈಗೆ ಬಂದ ಎರಡು ಎಕರೆ ಬಡವನಿಗೆ ದೊಡ್ಡದಾಗಿ ಕಂಡಿತು. ಹಾಗೆ ಕಂಡದ್ದು ತಪ್ಪು ಎಂದು ಹೊಟ್ಟೆ ತುಂಬಿದ ನಾನು ಯಾವ ಬಾಯಲ್ಲಿ ಹೇಳಲಿ?

ಆದರೆ ಮೂರು ಮಾತು ಹೇಳಬೇಕು, ಗಮನವಿಟ್ಟು ಕೇಳಿ.

ಮೊದಲನೆಯದು. ಆ ಭೂಮಿಯನ್ನು ಕೊಟ್ಟದ್ದು ತುರ್ತು ಪರಿಸ್ಥಿತಿಯಲ್ಲ. ತಿದ್ದುಪಡಿ ಕಾಯ್ದೆ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು, ತುರ್ತು ಪರಿಸ್ಥಿತಿಗೆ ಒಂದು ವರ್ಷಕ್ಕೂ ಮೊದಲು. ತೆರೆದ ವಿಧಾನಸಭೆಯಲ್ಲಿ ವಾದ ವಿವಾದ ನಡೆದು ಬಂದ ಕಾಯ್ದೆ ಅದು. ಅದರ ಹಿಂದೆ ಬೀದಿಯ ಹೋರಾಟವಿತ್ತು. 1951ರಲ್ಲಿ ಸಾಗರದ ಕಾಗೋಡಿನಲ್ಲಿ ಗೇಣಿ ಅಳೆಯುವ ಕೊಳಗದ ಅಳತೆ ಸರಿಯಿಲ್ಲ ಎಂಬ ತಕರಾರಿನಿಂದ ಸತ್ಯಾಗ್ರಹ ಹುಟ್ಟಿತು. ಎಚ್. ಗಣಪತಿಯಪ್ಪ ರೈತರನ್ನು ಕಟ್ಟಿದರು, ಶಾಂತವೇರಿ ಗೋಪಾಲಗೌಡರು ಜೊತೆ ನಿಂತರು, ಲೋಹಿಯಾ ಬಂದು ಬಂಧನಕ್ಕೊಳಗಾದರು. ನಮ್ಮ ಪಕ್ಕದ ಸಂಡೂರಿನಲ್ಲಿ ಕುಮಾರಸ್ವಾಮಿ ದೇವಸ್ಥಾನದ ಇನಾಂ ಜಮೀನು ಉಳುತ್ತಿದ್ದ ರೈತರಿಗಾಗಿ 1973ರಲ್ಲಿ ಸಮಾಜವಾದಿಗಳು ಸತ್ಯಾಗ್ರಹ ಹೂಡಿದರು, ಜನ ಜೈಲಿಗೆ ಹೋದರು. ಸಂಡೂರಿನ ರಾಜಮನೆತನದವರೇ ಆಗ ರಾಜ್ಯದ ಹಣಕಾಸು ಮಂತ್ರಿ ಎಂಬುದನ್ನು ನೆನಪಿಡಿ. ಇಂಥ ನೂರು ಬಾಯಿಗಳು ಕೇಳಿದ್ದರಿಂದ ಕಾಯ್ದೆ ಬಂತು. ಬಾಯಿ ಮುಚ್ಚಿಸಿದವರು ಬಂದ ಮೇಲೆ ಅದರ ಕೀರ್ತಿಯನ್ನು ತಮ್ಮ ಖಾತೆಗೆ ಬರೆದುಕೊಂಡರು.

ಎರಡನೆಯದು, ಕನ್ನಡಕ್ಕೆ ಸಂಬಂಧಿಸಿದ್ದು. ವಿರೋಧ ಪಕ್ಷದವರು ಜೈಲಿನಲ್ಲಿದ್ದಾಗಲೇ, 1976ರಲ್ಲಿ, ಸಂವಿಧಾನಕ್ಕೆ 42ನೇ ತಿದ್ದುಪಡಿ ಮಾಡಿದರು. ಪ್ರಸ್ತಾವನೆಯಲ್ಲಿ 'ಸಮಾಜವಾದಿ' ಎಂಬ ಮಾತು ಸೇರಿದ್ದು ಆಗಲೇ. ನನಗೆ ಆ ಮಾತು ಬೇಕು. ಅದನ್ನು ತೆಗೆದುಹಾಕಿ ಎಂದು ಕೋರ್ಟಿಗೆ ಹೋದವರ ಅರ್ಜಿಯನ್ನು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ವಜಾ ಮಾಡಿದಾಗ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಆದರೆ ಅದೇ ತಿದ್ದುಪಡಿ ಇನ್ನೇನು ಮಾಡಿತು ಗೊತ್ತೇ? ಅಲ್ಲಿಯವರೆಗೆ ರಾಜ್ಯದ ಪಟ್ಟಿಯಲ್ಲಿದ್ದ ಶಿಕ್ಷಣವನ್ನು ಕಿತ್ತು ಸಮವರ್ತಿ ಪಟ್ಟಿಗೆ ಹಾಕಿತು. ಅಂದರೆ ಕನ್ನಡದ ಮಗು ಏನು ಕಲಿಯಬೇಕು, ಯಾವ ಪರೀಕ್ಷೆ ಬರೆಯಬೇಕು ಎಂಬುದರಲ್ಲಿ ದಿಲ್ಲಿಯ ಮಾತೇ ಮೇಲಾಗಲು ದಾರಿಯಾಯಿತು. ಇಂದು ನೀಟ್ ಬಗ್ಗೆ, ಹಿಂದಿ ಹೇರಿಕೆಯ ಬಗ್ಗೆ ನೀವು ಘೋಷಣೆ ಕೂಗುತ್ತೀರಲ್ಲ, ಅದರ ಬೇರು ಇಲ್ಲಿದೆ. ಒಂದೇ ಕಾಗದದಲ್ಲಿ ಮೇಲೆ ಸಮಾಜವಾದ ಎಂದು ಬರೆದರು, ಕೆಳಗೆ ಕನ್ನಡಿಗರ ಕೈಯಿಂದ ಶಾಲೆಯ ಬೀಗದ ಕೈ ಕಸಿದರು. ಅಂದು ಕೇಳುವವರಿರಲಿಲ್ಲ. ಕೇಳುವವರು ಜೈಲಿನಲ್ಲಿದ್ದರು.

ಮೂರನೆಯದು. ಮೇಲಿನಿಂದ ಕೊಟ್ಟದ್ದನ್ನು ಮೇಲಿನಿಂದಲೇ ಕಿತ್ತುಕೊಳ್ಳಬಹುದು. 2020ರಲ್ಲಿ, ಕೊರೋನಾದ ಭಯದಲ್ಲಿ ಜನ ಮನೆಯೊಳಗಿದ್ದಾಗ, ಸುಗ್ರೀವಾಜ್ಞೆ ತಂದು ಅದೇ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದರು. ಕೃಷಿಕನಲ್ಲದ ಹಣವಂತನೂ ಹೊಲ ಕೊಳ್ಳಬಹುದು ಎಂದಾಯಿತು. ಉಳುವವನೇ ಹೊಲದೊಡೆಯ ಹೋಗಿ ಉಳ್ಳವನೇ ಹೊಲದೊಡೆಯ ಆಯಿತು ಎಂದು ರೈತರು ಬೀದಿಯಲ್ಲಿ ಕೂಗಿದರು. ಬಂಡವಾಳಶಾಹಿಗೆ ಅವಸರವಾದಾಗ ಅದೂ ಸರ್ವಾಧಿಕಾರದ ದಾರಿಯನ್ನೇ ಹಿಡಿಯುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಈ ತಪ್ಪಿನಲ್ಲಿ ಎಡದವರ ಪಾಲೂ ಇದೆ, ಮುಚ್ಚಿಡುವುದಿಲ್ಲ. ಭಾರತ ಕಮ್ಯುನಿಸ್ಟ್ ಪಕ್ಷ ತುರ್ತು ಪರಿಸ್ಥಿತಿಯನ್ನು ಬೆಂಬಲಿಸಿತ್ತು. ಅದು ತಪ್ಪಾಗಿತ್ತು ಎಂದು 1978ರಲ್ಲಿ ಒಪ್ಪಿಕೊಂಡಿತು. ರಷ್ಯಾದ ಕಥೆಯೂ ಕನ್ನಡಿಗರಿಗೆ ಪಾಠ. ಒಂದು ಭಾಷೆಯನ್ನು ಎಲ್ಲರ ಮೇಲೆ ಕಡ್ಡಾಯವಾಗಿ ಹೇರಬಾರದು ಎಂದು 1914ರಲ್ಲಿ ಲೆನಿನ್ ವಾದಿಸಿದ್ದರು. 1938ರಲ್ಲಿ ಸ್ಟಾಲಿನ್ ಸರ್ಕಾರ ರಷ್ಯನ್ನೇತರ ಶಾಲೆಗಳಲ್ಲೆಲ್ಲ ರಷ್ಯನ್ ಕಲಿಕೆಯನ್ನು ಕಡ್ಡಾಯ ಮಾಡಿತು. ಬಾವುಟ ಅದೇ, ಪಕ್ಷ ಅದೇ. ನಡುವೆ ಸತ್ತದ್ದು ಏನು? ಪಕ್ಷದೊಳಗೆ ನಿಂತು "ಇದು ಸರಿಯಲ್ಲ" ಎನ್ನುವ ಬಾಯಿ. ಜರ್ಮನಿಯ ರೋಸಾ ಲಕ್ಸೆಂಬರ್ಗ್ ಎಂಬ ಮಹಾತಾಯಿ 1918ರಲ್ಲೇ, ಸ್ವತಃ ಜೈಲಿನಲ್ಲಿ ಕೂತು, ಭಿನ್ನಮತಕ್ಕೆ ಜಾಗವಿಲ್ಲದ ಕಡೆ ಕ್ರಾಂತಿ ಬತ್ತಿಹೋಗುತ್ತದೆ ಎಂದು ಎಚ್ಚರಿಸಿದ್ದಳು. ಅವಳನ್ನು ಕೊಂದವರು ಬಲಪಂಥೀಯ ಸೈನಿಕರು. ಅವಳ ಮಾತನ್ನು ಕೇಳದೆ ಹೋದವರು ನಮ್ಮವರು.

ಹಾಗಾದರೆ ಇಂದಿನ ಮಾರುಕಟ್ಟೆಯ ಸ್ವಾತಂತ್ರ್ಯವೇ ಸಾಕೆ? ಚಹಾದಂಗಡಿಯ ಹುಡುಗನನ್ನೇ ಕೇಳಿ. ಅವನು ಐದು ವರ್ಷಕ್ಕೊಮ್ಮೆ ಶಾಸಕನನ್ನು ಆರಿಸುತ್ತಾನೆ. ಆದರೆ ಕಾರ್ಖಾನೆಯ ಗೇಟು ದಾಟಿದ ಮೇಲೆ ಯಾರನ್ನು ಆರಿಸುತ್ತಾನೆ? ಅಲ್ಲಿ ಮತವಿಲ್ಲ, ಮಾತಿಲ್ಲ, ಮಾತೃಭಾಷೆಯೂ ಇಲ್ಲ. 2020ರ ಡಿಸೆಂಬರ್‌ನಲ್ಲಿ ಕೋಲಾರದ ನರಸಾಪುರದಲ್ಲಿ, ಐಫೋನ್ ಜೋಡಿಸುವ ಕಾರ್ಖಾನೆಯಲ್ಲಿ, ಸಂಬಳದ ತಕರಾರಿನಿಂದ ಬೇಸತ್ತ ಹುಡುಗರು ದಾಂಧಲೆ ಎಬ್ಬಿಸಿದರು. ಗಾಜು ಒಡೆದದ್ದು ದೊಡ್ಡ ಸುದ್ದಿಯಾಯಿತು. ಕೆಲವು ಕಾರ್ಮಿಕರಿಗೆ ಸಂಬಳ ಸರಿಯಾಗಿ ಸಂದಿರಲಿಲ್ಲ ಎಂದು ಕಂಪನಿ ಆಮೇಲೆ ಒಪ್ಪಿಕೊಂಡದ್ದು ಮೂಲೆಯ ಸುದ್ದಿಯಾಯಿತು. ನಾನು ದಾಂಧಲೆಯನ್ನು ಹೊಗಳುವುದಿಲ್ಲ. ಕೇಳುವ ದಾರಿಯನ್ನೆಲ್ಲ ಮುಚ್ಚಿದರೆ ಸಿಟ್ಟು ಕಿಟಕಿ ಒಡೆದು ಬರುತ್ತದೆ, ಅಷ್ಟೆ. ಇದಾದ ಮೇಲೆ ಸರ್ಕಾರ ಪಾಠ ಕಲಿಯಿತೆ? 2023ರ ಫೆಬ್ರುವರಿಯಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ಅಂಗೀಕರಿಸಿ, ದಿನಕ್ಕೆ ಹನ್ನೆರಡು ತಾಸಿನವರೆಗೆ ದುಡಿಸಲು ದಾರಿ ಮಾಡಿಕೊಟ್ಟಿತು!

ಇನ್ನು 2024ರ ಜುಲೈ ನೆನಪಿಸಿಕೊಳ್ಳಿ. ಖಾಸಗಿ ಉದ್ಯಮಗಳಲ್ಲಿ ಸ್ಥಳೀಯರಿಗೆ ಕೆಲಸ ಮೀಸಲಿಡುವ ಮಸೂದೆಗೆ ರಾಜ್ಯದ ಮಂತ್ರಿಮಂಡಲ ಒಪ್ಪಿಗೆ ಕೊಟ್ಟಿತು. ಎರಡೇ ದಿನ. ಉದ್ಯಮಿಗಳು ಕಣ್ಣು ಕೆಂಪು ಮಾಡಿದರು, ಮಸೂದೆ ತಡೆಹಿಡಿಯಲಾಯಿತು. ಆ ಮಸೂದೆಯಲ್ಲಿ ದೋಷವಿರಬಹುದು, ಚರ್ಚೆಯಾಗಲಿ. ಆದರೆ ಆರು ಕೋಟಿ ಜನರ ಸರ್ಕಾರವನ್ನು ಎರಡು ದಿನದಲ್ಲಿ ಬಗ್ಗಿಸಬಲ್ಲ ಶಕ್ತಿಗೆ ಯಾರು ಮತ ಹಾಕಿದ್ದರು? ಯೂನಿಫಾರಂ ಇಲ್ಲದ ಸರ್ವಾಧಿಕಾರ ಎಂದರೆ ಇದೇ.

ಇಲ್ಲೊಂದು ಎಚ್ಚರಿಕೆ. ಕೆಲಸ ಸಿಗದ ಸಿಟ್ಟನ್ನು ಬಿಹಾರದಿಂದ ಬಂದ ಗಾರೆ ಕೆಲಸದವನ ಮೇಲೆ ತೀರಿಸಿಕೊಳ್ಳಬೇಡಿ. ಮಳೆ ಕೈಕೊಟ್ಟ ವರ್ಷ ಕೂಡ್ಲಿಗಿಯ ಜನರೂ ಮನೆಗೆ ಬೀಗ ಜಡಿದು ಗುಳೆ ಹೋಗುತ್ತಾರೆ. 2017ರಲ್ಲಿ ಗೋವಾದ ಬೈನಾ ಕಡಲ ತೀರದಲ್ಲಿ ಕನ್ನಡದ ಕೂಲಿಗಳ ಮನೆ ಕೆಡವಿದಾಗ ನಮಗೆ ನೋವಾಗಲಿಲ್ಲವೆ? ಹೊಟ್ಟೆಪಾಡಿಗೆ ಬಂದವನು ಕನ್ನಡ ಕಲಿಯಲಿ, ನಾವು ಕಲಿಸೋಣ. ಆದರೆ ಕಡಿಮೆ ಕೂಲಿಗೆ ಅವನನ್ನು ತಂದು, ನಿಮ್ಮಿಬ್ಬರನ್ನೂ ಬಡಿದಾಡಲು ಬಿಟ್ಟು ಮಹಡಿಯಿಂದ ನೋಡುವವನನ್ನು ಗುರುತಿಸಿ.

ಹಾಗಾದರೆ ನಂಬುವುದು ಯಾವುದನ್ನು? ನಮ್ಮ ಬಳ್ಳಾರಿಯ ಕಥೆಯಲ್ಲೇ ಉತ್ತರವಿದೆ. ಆ ಗಣಿ ಲೂಟಿಯನ್ನು ನಿಲ್ಲಿಸಿದ್ದು ಯಾರು? ಯಾವ ಮಿಲಿಟರಿಯವನೂ ಅಲ್ಲ, ಯಾವ ಉಕ್ಕಿನ ಮನುಷ್ಯನೂ ಅಲ್ಲ. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ 2009ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಲೋಕಾಯುಕ್ತರ ಕಚೇರಿಯ ಅಧಿಕಾರಿಗಳು ಕಡತ ಕಡತ ಜೋಡಿಸಿದರು. ಪತ್ರಕರ್ತರು ಬೆದರಿಕೆಗೆ ಬಗ್ಗದೆ ಬರೆದರು. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು, 31ರಂದು ಮುಖ್ಯಮಂತ್ರಿ ರಾಜೀನಾಮೆ ಕೊಟ್ಟರು. ಇದು 1976 ಆಗಿದ್ದರೆ? ವರದಿ ಕೊಟ್ಟವರು, ಬರೆದವರು, ಅರ್ಜಿ ಹಾಕಿದವರು ಎಲ್ಲರೂ ಒಂದೇ ಜೈಲಿನಲ್ಲಿರುತ್ತಿದ್ದರು. ಲಾರಿಗಳು ಓಡುತ್ತಲೇ ಇರುತ್ತಿದ್ದವು.

ಇಷ್ಟಾದರೂ ಗೆಲುವು ಅರ್ಧವೇ. ಗಣಿ ನಿಂತಾಗ ಕೂಲಿಯವನ ಕೆಲಸ ಹೋಯಿತು, ಸಾಲ ಮಾಡಿ ಲಾರಿ ಕೊಂಡವನ ಮನೆ ಮುರಿಯಿತು, ಲೂಟಿ ಹೊಡೆದವರ ಬಂಗಲೆಯ ಹಂಚು ಅಲುಗಲಿಲ್ಲ. ಕೇಳುವ ಹಕ್ಕು ಲೂಟಿಯನ್ನು ತಡೆಯಿತು. ಆದರೆ ಹಂಚಿಕೆಯ ನ್ಯಾಯ ಬರಲಿಲ್ಲ. ಅದಕ್ಕೇ ಪ್ರಜಾಪ್ರಭುತ್ವ ಒಂದೇ ಸಾಲದು, ಸಮಾಜವಾದ ಬೇಕು ಎನ್ನುವುದು. ಮತ್ತು ಅದಕ್ಕೇ ಸಮಾಜವಾದವೆಂದರೆ ಕೊಡುವ ದೊರೆಯಲ್ಲ, ಕೇಳುವ ಜನ ಎನ್ನುವುದು.

ಇದನ್ನು ಕಲಿಯಲು ನಾವು ಮಾಸ್ಕೋಗೋ ಬೀಜಿಂಗಿಗೋ ಹೋಗಬೇಕಿಲ್ಲ. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಲಕ್ಕಮ್ಮ ಎಂಬ ಶರಣೆ ಇದ್ದಳು. ಗಂಡ ಮಾರಯ್ಯ ದಿನಕ್ಕಿಂತ ಹೆಚ್ಚು ಅಕ್ಕಿ ತಂದಾಗ, ನಮಗೆ ಬೇಕಾದಷ್ಟೇ ಸಾಕು, ಮಿಕ್ಕದ್ದನ್ನು ಅಲ್ಲಿಯೇ ಸುರಿದು ಬನ್ನಿ ಎಂದು ಹಿಂದಕ್ಕೆ ಕಳಿಸಿದಳು ಎಂಬ ಕಥೆ ನಿಮಗೆ ಗೊತ್ತಿದೆ. ಕಾಯಕ, ದಾಸೋಹ ಎಂದು ನಾವು ಭಾಷಣ ಬಿಗಿಯುತ್ತೇವೆ. ಮೂರನೆಯದನ್ನು ಮರೆಯುತ್ತೇವೆ. ಅಕ್ಕಿ ಆಯುವ ಬಡ ಹೆಂಗಸು, ಕನ್ನಡದಲ್ಲಿ, ಗಂಡನನ್ನು ನಿಲ್ಲಿಸಿ ಕೇಳಿದಳು. ಆ ಕೇಳುವಿಕೆಗೆ ಅಲ್ಲಿ ಜಾಗವಿತ್ತು.

ಆದ್ದರಿಂದ ಗೆಳೆಯರೆ, ಯಾವ ಪಕ್ಷ ಬರಲಿ, ಯಾವ ವಾದ ಬರಲಿ, ಮೂರು ಪ್ರಶ್ನೆ ಹಾಕಿ. ದುಡಿದವರು ಯಾರು? ಸಿಕ್ಕಿದ್ದು ಯಾರಿಗೆ? ಇದನ್ನು ಕೇಳಿದವನಿಗೆ ಏನಾಗುತ್ತದೆ? ಬಂಡವಾಳಶಾಹಿ ಎರಡನೇ ಪ್ರಶ್ನೆಗೆ ತಡವರಿಸುತ್ತದೆ. ಸರ್ವಾಧಿಕಾರ ಮೂರನೆಯದಕ್ಕೆ ಕೋಲೆತ್ತುತ್ತದೆ. ಮೂರಕ್ಕೂ ನೆಟ್ಟಗೆ ಉತ್ತರ ಕೊಡಬಲ್ಲದ್ದು ಮಾತ್ರ ಸಮಾಜವಾದ.

ಕೇಳುವುದನ್ನು ನಾಳೆಯಿಂದಲೇ ಶುರು ಮಾಡಿ. ನಿಮ್ಮ ನೇಮಕಾತಿ ಪತ್ರವನ್ನು ಕನ್ನಡದಲ್ಲಿ ಕೊಡಿ ಎಂದು ಕೇಳಿ. ಕೆಲಸದ ಕಡೆ ಸಂಘ ಕಟ್ಟಿ, ಸಂಘದ ಸಭೆಯನ್ನು ಎಲ್ಲರಿಗೂ ತಿಳಿಯುವ ಮಾತಿನಲ್ಲಿ ನಡೆಸಿ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕನ್ನಡದಲ್ಲೇ ಅರ್ಜಿ ಹಾಕುವ ಹಕ್ಕು ನಿಮಗಿದೆ, ಹಾಕಿ. ಊರಿಗೆ ಬಂದಾಗ ಗ್ರಾಮಸಭೆಗೆ ಹೋಗಿ ಕೂರಿ. ಮತ್ತು ನಮ್ಮ ಸಂಘಟನೆಗಳಲ್ಲೂ, ನಾಯಕನ ಮುಖಕ್ಕೇ "ಇದು ಸರಿಯಲ್ಲ ಅಣ್ಣಾ" ಎನ್ನುವುದನ್ನು ಕಲಿಯಿರಿ. ಅದನ್ನು ಸಹಿಸದ ನಾಯಕ ಕನ್ನಡದ ಶಾಲು ಹೊದ್ದ ಸಣ್ಣ ಸರ್ವಾಧಿಕಾರಿ, ಅಷ್ಟೆ.

ಸಭೆ ಮುಗಿದ ಮೇಲೆ ಆ ಹುಡುಗ ಮತ್ತೆ ಸಿಕ್ಕ. "ಮಿಲ್ಟ್ರಿಯವ ಬಂದ್ರೆ ನನ್ನ ಸಂಬಳ ಕೇಳೋಕೆ ಯಾರ ಹತ್ರ ಹೋಗ್ಲಿ ಸಾರ್?" ಎಂದು ಅವನೇ ಕೇಳಿದ. ಉತ್ತರ ನಾನು ಹೇಳಲಿಲ್ಲ. ಅವನು ಕೇಳಿದನಲ್ಲ, ಅಷ್ಟು ಸಾಕಾಗಿತ್ತು.